ಹದಿನಾರು ಪದರದ ಕಂಕುಳು

ಅಂಕೋಲೆಯಲ್ಲಿ ಕೂತು ಜಾಕೆಟ್ಟು ಹೊಲಿಯುತ್ತೇನೆ ಅಂದರೆ ಯಾರಾದರೂ ಮೊದಲು ನಗುತ್ತಾರೆ. ಮೇ ತಿಂಗಳ ಮಧ್ಯಾಹ್ನ, ಕರಿ ಇಶಾಡು ಮಾವಿನ ಬುಟ್ಟಿ ಬಾಗಿಲಿಗೆ ಬರುವ ಕಾಲ. ಉಟ್ಟ ಸೀರೆಯೇ ಬೆನ್ನಿಗೆ ಅಂಟಿಕೊಂಡಿರುವಾಗ ಜಗುಲಿಯ ತುಂಬ ಮೂರು ಮೀಟರ್ ಜೀನ್ಸ್ ಬಟ್ಟೆ ಹರವಿಕೊಂಡು ಕೂತವಳನ್ನು ಕಂಡು ಪಕ್ಕದ ಮನೆಯವಳು, "ಎಂತಾ ಮಾರಾಯ್ತಿ, ಕಾಶ್ಮೀರಕ್ಕೆ ಹೋಗೂದಾ?" ಎಂದು ಕೇಳಿದ್ದರಲ್ಲಿ ತಪ್ಪೇನಿಲ್ಲ.

ಕಾಶ್ಮೀರಕ್ಕಲ್ಲ, ಧಾರವಾಡಕ್ಕೆ. ಅಕ್ಕನ ಮಗಳು ಅಲ್ಲಿ ಓದುತ್ತಾಳೆ. ರಜೆ ಮುಗಿಸಿ ರಾತ್ರಿ ಬಸ್ಸಿಗೆ ಹತ್ತಿದರೆ ಅರಬೈಲ್ ಘಟ್ಟ ಏರುವವರೆಗೆ ಬೆವರು, ಯಲ್ಲಾಪುರ ದಾಟಿದ ಮೇಲೆ ಚಳಿ. ಅವಳ ಪಾಲಿಗೆ ಬರುವುದು ಯಾವಾಗಲೂ ಗಾಜು ಮುಚ್ಚದ ಕಿಟಕಿಯೇ. ಸ್ವೆಟರ್ ಕೊಟ್ಟರೆ ಅಜ್ಜಿಯ ಹಾಗೆ ಕಾಣುತ್ತೇನೆ ಎನ್ನುತ್ತಾಳೆ. ಅಂಗಡಿಯಲ್ಲಿ ಸಿಗುವ ಜೀನ್ಸ್ ಜಾಕೆಟ್ಟು ಅವಳ ಹೆಗಲಿಗೆ ಕೂತರೆ ತೋಳು ಗಿಡ್ಡ, ತೋಳು ಸರಿಯಾದರೆ ಹೆಗಲು ಜೋಲು. "ನೀನೇ ಹೊಲಿದುಕೊಡು ಮಾವಶಿ, ನಿನಗೆ ಮಶಿನ್ ಬರ್ತದಲ್ಲ" ಎಂದಳು. ಮಶಿನ್ ಬರುತ್ತದೆ, ನಿಜ. ನಲವತ್ತು ವರ್ಷದಿಂದ ನನ್ನ ರವಿಕೆಯನ್ನು ನಾನೇ ಹೊಲಿದುಕೊಂಡಿದ್ದೇನೆ. ಶಾಲೆಯಲ್ಲಿ ಅಕ್ಕೋರಾಗಿದ್ದಾಗ ಸ್ನೇಹಸಮ್ಮೇಳನದ ನಾಟಕಕ್ಕೆ ರಾಜನ ಅಂಗಿಯಿಂದ ಕೋತಿಯ ಬಾಲದವರೆಗೆ ಹೊಲಿದಿದ್ದೇನೆ. ಜಾಕೆಟ್ಟೂ ಹೊಲಿಗೆಯೇ ತಾನೆ ಎಂದುಕೊಂಡೆ.

ಆ ಹೆಸರೂ ನನ್ನನ್ನು ಸ್ವಲ್ಪ ದಾರಿ ತಪ್ಪಿಸಿತು. ನನ್ನ ಆಯಿಯ ಕಾಲದವರ ಬಾಯಲ್ಲಿ ಜಾಕೀಟು ಅಂದರೆ ಸೀರೆಯ ಜೊತೆ ತೊಡುವ ರವಿಕೆ. ಘಟ್ಟದ ಮೇಲಿನವರಿಗೆ ಅದೇ ಕುಪ್ಪಸ, ನಮ್ಮಲ್ಲಿ ಹಲವರಿಗೆ ಪೋಲಕ. ಮಜಾ ಏನೆಂದರೆ ಅಮೆರಿಕದ ಲೀವೈಸ್ ಕಂಪನಿ ಹತ್ತೊಂಬತ್ತನೆಯ ಶತಮಾನದಲ್ಲಿ ಗಣಿಗೆಲಸದವರಿಗೂ ದನ ಕಾಯುವವರಿಗೂ ಜೀನ್ಸ್ ಬಟ್ಟೆಯ ಮೇಲಂಗಿ ಹೊಲಿಯತೊಡಗಿದಾಗ ಅದನ್ನು ಬ್ಲೌಸ್ ಎಂದೇ ಕರೆದಿತ್ತು. ಜಾಕೆಟ್ ಎಂಬ ಹೆಸರು ಅಂಟಿಕೊಂಡದ್ದು ಎಷ್ಟೋ ವರ್ಷದ ಮೇಲೆ. ಹಾಗಾಗಿ ನಮ್ಮ ಬ್ಲೌಸು ಜಾಕೀಟಾಗಿತ್ತು, ಅವರ ಜಾಕೆಟ್ಟು ಬ್ಲೌಸಾಗಿತ್ತು.

ಇಲ್ಲಿ ಕಾರವಾರದ ಒಂದು ಎಳೆಯೂ ಇದೆ. ಕಾರವಾರದ ಕಡಲದಂಡೆಗೆ ರವೀಂದ್ರನಾಥ ಟ್ಯಾಗೋರರ ಹೆಸರಿರುವುದು ಎಲ್ಲರಿಗೂ ಗೊತ್ತು. 1880ರ ದಶಕದ ಆರಂಭದಲ್ಲಿ ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ತಮ್ಮ ಬಂದು ಉಳಿದ, ಕಡಲು ನೋಡಿದ, 'ಪ್ರಕೃತಿರ್ ಪ್ರತಿಶೋಧ್' ನಾಟಕ ಬರೆದ. ಆ ಸತ್ಯೇಂದ್ರನಾಥರ ಹೆಂಡತಿ ಜ್ಞಾನದಾನಂದಿನಿ ದೇವಿ. ಮುಂಬೈ ಕಡೆಯ ಪಾರ್ಸಿ ಹೆಂಗಸರನ್ನು ನೋಡಿ, ಸೀರೆಯನ್ನು ರವಿಕೆ, ಒಳಲಂಗದ ಜೊತೆ ಉಡುವ ಹೊಸ ರೀತಿಯನ್ನು ಬಂಗಾಳದ ಹೆಣ್ಣುಮಕ್ಕಳಿಗೆ ಕಲಿಸಿದವರು ಅವರು. ಕಡಲದಂಡೆಯ ಹೆಸರಲ್ಲಿ ಕವಿ ಇದ್ದಾರೆ. ಅತ್ತಿಗೆಯ ಹೊಲಿಗೆ ಮಾತ್ರ ಇವತ್ತಿಗೂ ಕೋಟಿಗಟ್ಟಲೆ ಹೆಂಗಸರ ಮೈಮೇಲಿದೆ.

ಬಟ್ಟೆಗಾಗಿ ಕಾರವಾರದ ರವಿವಾರದ ಸಂತೆಗೆ ಹೋದೆ. ಅಂಕೋಲೆಯಿಂದ ಮೂವತ್ತು ಚಿಲ್ಲರೆ ಕಿಲೋಮೀಟರು, ಬಿಣಗಾ ಇಳಿದರೆ ಬಂತು. ಸಂತೆಯಲ್ಲಿ ಒಣಮೀನು, ಕೆಂಪಕ್ಕಿ, ಬಾಳೆಗೊನೆ ದಾಟಿ ಕಟ್‌ಪೀಸ್ ಹರವಿಕೊಂಡವನ ಹತ್ತಿರ ನಿಂತು ಜೀನ್ಸ್ ಬಟ್ಟೆ ಕೇಳಿದೆ. ಬಳ್ಳಾರಿಯ ಮಾಲು ಎಂದ. ಜೀನ್ಸ್ ಪ್ಯಾಂಟು ಹೊಲಿಯುವುದರಲ್ಲಿ ಬಳ್ಳಾರಿ ದೇಶಕ್ಕೇ ಹೆಸರಾದ ಊರು. ಉಳಿಕೆ ತುಂಡುಗಳು ಹೀಗೆ ಘಟ್ಟ ಇಳಿದು ಬರುತ್ತವೆ. ಅವನು ನನ್ನನ್ನೂ ನನ್ನ ಕೈಚೀಲವನ್ನೂ ನೋಡಿ, "ಇದು ಪ್ಯಾಂಟಿಂದು ಅಕ್ಕಾ, ಮನೆ ಮಶಿನ್ ಎಳೆಯೂದಿಲ್ಲ" ಎಂದ. ಮಾಸ್ತರಿಕೆ ಮಾಡಿದವಳಿಗೆ ಹಾಗೆ ಹೇಳಬಾರದು. ಮೂರು ಮೀಟರ್ ಕತ್ತರಿಸು ಎಂದೆ.

ಜೀನ್ಸ್ ಬಟ್ಟೆಯನ್ನು ತೂಕದಲ್ಲಿ ಅಳೆಯುತ್ತಾರೆ. ಒಂದು ಚದರ ಗಜಕ್ಕೆ ಎಷ್ಟು ಔನ್ಸ್ ಎಂಬುದು ಲೆಕ್ಕ. ಆರು-ಎಂಟು ಔನ್ಸಿನದು ಶರಟಿಗೆ, ಹನ್ನೆರಡು-ಹದಿನಾಲ್ಕರದು ಗಟ್ಟಿ ಪ್ಯಾಂಟಿಗೆ. ನನ್ನದು ಹತ್ತು ಔನ್ಸಿನ ಆಸುಪಾಸು, ಅಂದರೆ ಚದರ ಮೀಟರಿಗೆ ಸುಮಾರು 340 ಗ್ರಾಂ. ನಾನು ರವಿಕೆಗೆ ತರುವ ಟೂಬೈಟೂ ಇದರ ಕಾಲು ಭಾಗವೂ ತೂಗುವುದಿಲ್ಲ. ಬೆರಳಿಗೆ ಸುತ್ತಿದರೆ ಬಳ್ಳಿಯಂತೆ ಸುತ್ತಿಕೊಳ್ಳುವ ಬಟ್ಟೆ ಅದು. ಇದು ಮಡಚಿದರೆ ಮಡಚಿದಲ್ಲೇ ಗುರ್ರೆನ್ನುತ್ತದೆ. ಒಳಮೈ ನೋಡಿ: ಬಿಳಿ. ಹಾಸಿನ ನೂಲಿಗಷ್ಟೇ ನೀಲಿ ಹಾಕಿ, ಹೊಕ್ಕಿನ ನೂಲನ್ನು ಬಿಳಿಯಾಗಿ ಬಿಟ್ಟು, ಓರೆ ಗೆರೆ ಬರುವಂತೆ ನೇಯುವುದರಿಂದ ಹೊರಮೈ ನೀಲಿ, ಒಳಮೈ ಬೆಳ್ಳಗೆ.

ಮನೆಗೆ ಬರುವ ಬಸ್ಸಿನಲ್ಲಿ ಆ ಗಂಟು ತೊಡೆಯ ಮೇಲಿತ್ತು. ಕಾರವಾರದಿಂದ ನೀಲಿ ದಪ್ಪ ಬಟ್ಟೆ ಹೊರಡುವುದು ಇದೇ ಮೊದಲಲ್ಲ ಎಂಬುದು ಆಗ ನೆನಪಾಯಿತು. ಸೋದೆಯ ಮೆಣಸಿನ ಹೆಸರು ಕೇಳಿ ಇಂಗ್ಲಿಷರ ಕೋರ್ಟೀನ್ ಕಂಪನಿ 1638ರಲ್ಲಿ ಇಲ್ಲಿ ಕೋಠಿ ತೆರೆಯಿತು. ಆಗಿನ ಕಾರವಾರ ಈಗಿನ ಪೇಟೆಯಲ್ಲ, ಕಾಳಿ ನದಿಯ ದಂಡೆಯ ಕಡವಾಡದ ಕಡೆಗಿದ್ದ ಹಳೇ ಬಂದರು. ಈಗಿನ ಪೇಟೆ ಬೆಳೆದದ್ದು 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬೈ ಪ್ರಾಂತಕ್ಕೆ ಸೇರಿದ ಮೇಲೆ. 1660ರ ಹೊತ್ತಿಗೆ ಪಶ್ಚಿಮ ಕರಾವಳಿಯಲ್ಲೇ ನಯವಾದ ಮಸ್ಲಿನ್ ಕಾರವಾರದಿಂದ ಹಡಗೇರುತ್ತಿತ್ತು. ಹುಬ್ಬಳ್ಳಿಯ ಸುತ್ತಮುತ್ತ ಅದಕ್ಕಾಗಿ ಐವತ್ತು ಸಾವಿರ ನೇಕಾರರು ದುಡಿಯುತ್ತಿದ್ದರು ಎನ್ನುತ್ತವೆ ಬ್ರಿಟಿಷರ ಗೆಜೆಟಿಯರುಗಳು. ಮೆಣಸು, ಏಲಕ್ಕಿಯ ಸಾಲಿನಲ್ಲಿ ಅವು ಇನ್ನೊಂದು ಸರಕನ್ನೂ ಹೇಳುತ್ತವೆ. ಅದು ದುಂಗರಿ, ಒರಟು ನೀಲಿ ಹತ್ತಿ ಬಟ್ಟೆ.

ಈ ದುಂಗರಿಯೇ ಮುಂದೆ ಇಂಗ್ಲಿಷಿನ ಡಂಗರಿ ಆದದ್ದು. ಮುಂಬೈಯ ಡೋಂಗ್ರಿಯಿಂದ ಬಂದ ಹೆಸರು ಅದು. ಹಾಯಿಗೆ, ಡೇರೆಗೆ, ಖಲಾಸಿಗಳ ಚಲ್ಲಣಕ್ಕೆ ಆಗುತ್ತಿದ್ದ ಬಡವರ ಬಟ್ಟೆ. ಫ್ರಾನ್ಸಿನ ನೀಮ್ ಪಟ್ಟಣದಿಂದ ಡೆನಿಮ್, ಇಟಲಿಯ ಜಿನೋವಾದಿಂದ ಜೀನ್ಸ್ ಎಂಬ ಮಾತು ಎಲ್ಲರ ಬಾಯಲ್ಲಿದೆ. ಇವಕ್ಕೆ ದೊಡ್ಡಪ್ಪನ ಮಗನಂತಿರುವ ದುಂಗರಿ ನಮ್ಮ ಬಂದರಿನಿಂದ ಹೋಗುತ್ತಿತ್ತು ಎಂಬುದನ್ನು ಮಾತ್ರ ನಮ್ಮಲ್ಲಿ ಯಾರೂ ಆಡುವುದಿಲ್ಲ. ಉಂಗುರದೊಳಗೆ ತೂರುವ ಮಸ್ಲಿನ್ನಿನ ಕತೆ ಎಷ್ಟು ಸಲವಾದರೂ ಹೇಳುತ್ತೇವೆ. ಉಂಗುರಕ್ಕೆ ತೂರದ ಬಟ್ಟೆಗೆ ಕತೆಯಿಲ್ಲ. ಹೊಲಿಯಲು ಕೂತ ಮೇಲೆ ನನಗೆ ಗೌರವ ಹುಟ್ಟಿದ್ದು ಈ ಎರಡನೆಯದರ ಮೇಲೆ.

ತಂದ ಬಟ್ಟೆಯನ್ನು ಮೊದಲು ತೊಳೆಯಬೇಕು. ಹೊಲಿದ ಮೇಲೆ ತೊಳೆದರೆ ಜಾಕೆಟ್ಟು ತಂಗಿಗೆ ಆಗುತ್ತದೆ. ಗಿರಣಿಯಲ್ಲೇ ಕುಗ್ಗಿಸಿ ಬಿಟ್ಟ ಬಟ್ಟೆಯಾದರೆ ನೂರಕ್ಕೆ ಮೂರರೊಳಗೆ ಕುಗ್ಗೀತು. ಹಾಗೆ ಮಾಡದ್ದು ನೂರಕ್ಕೆ ಹತ್ತರವರೆಗೂ ಹೋಗಬಹುದು. ಕಟ್‌ಪೀಸಿನವನಲ್ಲಿ ಯಾವುದು ಯಾವುದೆಂದು ಕೇಳಿದರೆ ಅವನು ನಕ್ಕುಬಿಡುತ್ತಾನೆ. ನಾನು ಬಿಸಿನೀರಲ್ಲಿ ಅದ್ದಿಟ್ಟೆ. ಎರಡು ಸಲ ತೊಳೆದು ಒಣಗಿಸಿ ಟೇಪು ಹಿಡಿದರೆ ಮೂರು ಮೀಟರಿನಲ್ಲಿ ಹದಿನೇಳು ಸೆಂಟಿಮೀಟರ್ ಮಾಯವಾಗಿತ್ತು.

ಬಣ್ಣ ಬಿಡಬಾರದು ಎಂದು ನೀರಿಗೆ ಒಂದು ಮುಷ್ಟಿ ಸಾಣಿಕಟ್ಟೆಯ ಉಪ್ಪು ಹಾಕಿದ್ದೆ. ಆಯಿ ಹಾಕುತ್ತಿದ್ದಳು, ನಾನೂ ಹಾಕಿದೆ. ಉಪ್ಪಿನ ಮಾತು ಬಂದರೆ ಅಂಕೋಲೆಯವರಿಗೆ ತುಸು ಹೆಮ್ಮೆ ಜಾಸ್ತಿ. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪಿನ ಕಾಯ್ದೆ ಮುರಿದ ಊರು ಇದು. ಆದರೆ ಬ್ರಿಟಿಷ್ ಸರ್ಕಾರವನ್ನು ನಡುಗಿಸಿದ ಉಪ್ಪು ನೀಲಿಯ ಮುಂದೆ ಸೋತಿತು. ಬಕೆಟ್ಟಿನ ನೀರು ಮೂರನೆಯ ಸಲವೂ ಮೋಡದ ಬಣ್ಣವೇ. ಕಾರಣ ಸರಳ. ನೀಲಿ ಬಣ್ಣ ನೀರಲ್ಲಿ ಕರಗುವಂಥದ್ದಲ್ಲ. ಬಣ್ಣದ ತೊಟ್ಟಿಯಲ್ಲಿ ಅದನ್ನು ಹಸಿರು-ಹಳದಿ ರೂಪಕ್ಕೆ ತಂದು ನೂಲು ಅದ್ದುತ್ತಾರೆ. ನೂಲು ಮೇಲೆ ಬಂದು ಗಾಳಿ ತಾಗಿದಾಗ ನೀಲಿಯಾಗುತ್ತದೆ. ಆ ಬಣ್ಣ ನೂಲಿನ ತಿರುಳಿಗೆ ಇಳಿಯುವುದಿಲ್ಲ, ಗೋಡೆಗೆ ಸುಣ್ಣ ಬಳಿದ ಹಾಗೆ ಹೊರಮೈಗೆ ಕೂರುತ್ತದೆ. ಉಜ್ಜಿದರೆ ಉದುರುತ್ತದೆ. ಮೊಣಕೈ, ಕಾಲರಿನ ಅಂಚು ಬೆಳ್ಳಗಾಗುವುದು ಇದರಿಂದಲೇ, ಜೀನ್ಸಿಗೆ ಬೆಲೆ ಬಂದದ್ದೂ ಇದರಿಂದಲೇ. ಉಪ್ಪು, ಹುಳಿ, ಫಟಕಿ ಯಾವುದೂ ಅದನ್ನು ಕಟ್ಟಿಹಾಕಲಾರದು. ನನ್ನ ಬೆರಳ ತುದಿಗಳು ಹದಿನೈದು ದಿನ ನೀಲಿಯಾಗಿದ್ದವು. ತಿಳಿ ಬಣ್ಣದ ಸೀರೆ ಉಟ್ಟು ಹೊಲಿಗೆಗೆ ಕೂರಬಾರದೆಂಬುದು ಒಂದು ಸೀರೆ ಹೋದ ಮೇಲೆ ತಿಳಿಯಿತು.

ಕಾಗದದ ಮೇಲೆ ಕಟಿಂಗ್ ಮಾಡಲು ಹಳೆಯ ರವಿವಾರದ ಪುರವಣಿಗಳನ್ನೇ ಅಂಟಿಸಿಕೊಂಡೆ. (ಕತೆ ಬಂದ ಪುಟ ಬೆನ್ನಿಗೆ, ರಾಶಿಭವಿಷ್ಯ ಬಂದ ಪುಟ ಕಿಸೆಗೆ.) ರವಿಕೆಗೆ ಎಂಟು-ಹತ್ತು ತುಂಡಿದ್ದರೆ ಸಾಕು. ಇದಕ್ಕೆ ಬೆನ್ನು ಮೂರು ತುಂಡು, ಮೇಲೆ ಹೆಗಲಿನ ಅಡ್ಡಪಟ್ಟಿ, ಎದೆ ಎಡಬಲಕ್ಕೆ ಮೂರು ಮೂರು, ತೋಳು ಒಂದೊಂದಕ್ಕೆ ಎರಡು, ಕಫ್, ಕಾಲರ್, ಸೊಂಟಪಟ್ಟಿ, ಕಿಸೆ, ಕಿಸೆಯ ಮುಚ್ಚಳ. ಎಣಿಸಿದರೆ 29. ಎದೆಯ ಅಳತೆಗೆ ರವಿಕೆಯಲ್ಲಿ ಒಂದೆರಡು ಇಂಚು ಸಡಿಲ ಬಿಟ್ಟರೆ ಹೆಚ್ಚು. ಇಲ್ಲಿ ಒಳಗೊಂದು ಅಂಗಿ ಇರುತ್ತದಲ್ಲ, ನಾಲ್ಕರಿಂದ ಐದು ಇಂಚು ಬಿಡಬೇಕು. ಬಿಡುವಾಗ ಕೈ ನಡುಗಿತು. ಮೈಗೆ ಅಂಟುವಂತೆ ಕತ್ತರಿಸಿ ಕತ್ತರಿಸಿ ರೂಢಿಯಾದ ಕೈ ಅದು.

ಹೀಗೆ 29 ತುಂಡು ಜಗುಲಿಯ ಮೇಲೆ ಬಿದ್ದುಕೊಂಡಿರುವಾಗ ಬಸಳೆ ಸೊಪ್ಪು ತರುವ ಹಾಲಕ್ಕಿ ಅಜ್ಜಿ ಬಂದಳು. ಕೊರಳ ತುಂಬ ಕರಿಮಣಿ ಸರ, ಹೆಗಲ ಮೇಲೆ ಗಂಟು ಹಾಕಿ ಕಟ್ಟಿದ ಸೀರೆ, ಸೂಜಿ ಮುಟ್ಟಿದ ಒಂದು ತುಂಡೂ ಮೈಮೇಲಿಲ್ಲ. 2021ರಲ್ಲಿ ಇದೇ ಹಾಲಕ್ಕಿ ಸಮುದಾಯದ, ಹೊನ್ನಳ್ಳಿಯ ತುಳಸಿ ಗೌಡರು ಪದ್ಮಶ್ರೀ ತೆಗೆದುಕೊಳ್ಳಲು ರಾಷ್ಟ್ರಪತಿ ಭವನಕ್ಕೆ ಬರಿಗಾಲಲ್ಲಿ ನಡೆದು ಹೋದದ್ದು ಇದೇ ಉಡುಗೆಯಲ್ಲಿ. ಅಜ್ಜಿ ಬಟ್ಟೆಯ ಅಂಚನ್ನು ಹೆಬ್ಬೆರಳಲ್ಲಿ ಉಜ್ಜಿ ನೋಡಿ, "ಗಟ್ಟಿ ಇತ್ತು. ಇಷ್ಟ್ ಚಂದ ಅರಿವೆ ಎಂತಕ್ಕೆ ಹರಿದಿ?" ಎಂದಳು. ಉತ್ತರ ತೋಚಲಿಲ್ಲ. ಬಸಳೆಯ ಲೆಕ್ಕ ಮಾಡಿ ಕಳಿಸಿದೆ.

ನನ್ನದು ಆಯಿಯ ಕಾಲದ ಕಪ್ಪು ಮಶಿನ್ನು, ಕಾಲಲ್ಲಿ ತುಳಿಯುವಂಥದ್ದು. ಯಂತ್ರಗಳನ್ನು ವಿರೋಧಿಸುತ್ತೀರಲ್ಲ ಎಂದು 1924ರಲ್ಲಿ ಯಾರೋ ಕೇಳಿದ್ದಕ್ಕೆ ಗಾಂಧೀಜಿ ಸಿಂಗರ್ ಹೊಲಿಗೆ ಯಂತ್ರವನ್ನು ಮಾತ್ರ ಹೊರಗಿಟ್ಟು ಹೊಗಳಿದ್ದರು. ಅವರು ಹೊಗಳಿದ್ದು ಇಂಥದ್ದನ್ನೇ. ಈಗ ಬರುವ ಕರೆಂಟಿನ ಬಿಳಿ ಮಶಿನ್ನು ಹತ್ತಾರು ನಮೂನೆಯ ಹೂವು ಹೊಲಿಯುತ್ತದೆ; ಆದರೆ ದಪ್ಪ ಬಟ್ಟೆ ಕೊಟ್ಟರೆ ಮೈ ಅದುರಿ ನಿಲ್ಲುತ್ತದೆ. ನೇರ ಹೊಲಿಗೆಯೊಂದನ್ನೇ ಬಲ್ಲ ಹಳೆಯ ಎರಕದ ಕಬ್ಬಿಣದ ಮಶಿನ್ನು ಜೀನ್ಸಿಗೆ ಮೇಲು. ಇದು ನನ್ನ ಹಳೇ ಸಾಮಾನಿನ ಮೋಹ ಅಂದುಕೊಳ್ಳಬೇಡಿ, ಎರಡರಲ್ಲೂ ಹೊಲಿದು ನೋಡಿ ಹೇಳುತ್ತಿದ್ದೇನೆ.

ಆದರೂ ಮೊದಲ ದಿನವೇ ಮೂರು ಸೂಜಿ ಮುರಿದವು. ಟಕ್ ಎಂದು ಸದ್ದು, ಮೊನೆ ಎಲ್ಲಿಗೋ ಹಾರಿತು. ದಾರ ಗಂಟುಗಂಟಾಯಿತು. ಜೂನ್ ಬಂದಿತ್ತು, ತೇವಕ್ಕೆ ಚರ್ಮದ ಬೆಲ್ಟು ಸಡಿಲಾಗಿ ಚಕ್ರ ತಿರುಗಿದರೂ ಸೂಜಿ ಇಳಿಯದು. ಬೆಲ್ಟನ್ನು ಒಂದು ಬೆರಳು ಕತ್ತರಿಸಿ ಕೊಂಡಿ ಮತ್ತೆ ಹಾಕಿದೆ. ಬಟ್ಟೆಯಲ್ಲಿ ಚುಚ್ಚಿಟ್ಟು ಮರೆತ ಸೂಜಿ ಬೆಳಗಾಗುವಷ್ಟರಲ್ಲಿ ಕಂದು ಚುಕ್ಕೆ ಬಿಟ್ಟಿತ್ತು. ಕಡಲ ಗಾಳಿಗೆ ನಮ್ಮಲ್ಲಿ ಸೂಜಿಯ ಆಯುಷ್ಯವೇ ಕಡಿಮೆ. ಕೊನೆಗೆ ಒಂದು ತೋಳನ್ನು ಚೀಲಕ್ಕೆ ಹಾಕಿಕೊಂಡು ಪೇಟೆಯ ಹಿರಿಯ ಟೇಲರ್ ಒಬ್ಬರ ಹತ್ತಿರ ಹೋದೆ. ಕನ್ನಡಕ ಏರಿಸಿ ಹೊಲಿಗೆ ನೋಡಿದರು.

"ಮಶಿನ್ ಸರಿ ಇದೆ ಅಕ್ಕೋರೆ. ನಿಮ್ಮ ಕೈ ಪೋಲಕದ್ದು."

ಮೂವತ್ತು ವರ್ಷ ಮಕ್ಕಳ ತಪ್ಪಿಗೆ ಕೆಂಪು ಗೆರೆ ಎಳೆದವಳಿಗೆ ಈ ಕೆಂಪು ಗೆರೆ ಸರಿಯಾಗಿ ತಾಗಿತು. ಅವರು ವಿವರಿಸಿದರು. ರವಿಕೆ ಹೊಲಿಯುವವರು ಎಡಗೈಯಿಂದ ಬಟ್ಟೆಯನ್ನು ಹಿಂದಿನಿಂದ ತುಸು ಎಳೆಯುತ್ತೇವೆ. ತೆಳು ಬಟ್ಟೆ ಸುಕ್ಕಾಗದಿರಲಿ ಎಂದು ಕೈ ತಾನೇ ಕಲಿತ ಚಾಳಿ ಅದು. ದಪ್ಪ ಬಟ್ಟೆಯನ್ನು ಹಾಗೆ ಎಳೆದರೆ ಬಟ್ಟೆ ಬಾಗುವುದಿಲ್ಲ, ಸೂಜಿ ಬಾಗುತ್ತದೆ. ಬಾಗಿದ ಸೂಜಿ ಕೆಳಗಿನ ತಗಡಿನ ತೂತಿಗೆ ಇಳಿಯದೆ ತಗಡಿಗೇ ಬಡಿದು ಮುರಿಯುತ್ತದೆ. ಜೊತೆಗೆ ನಾನು ಹಾಕಿದ್ದು ರವಿಕೆಯ ಹನ್ನೊಂದು ನಂಬರಿನ ಸೂಜಿ. ಜೀನ್ಸಿಗೆ ಹದಿನಾರು ಬೇಕು, ಅಂದರೆ ಒಂದು ಮಿಲಿಮೀಟರ್ ದಪ್ಪದ್ದು. ಇನ್ನೂ ದಪ್ಪ ಬಟ್ಟೆಗೆ ಹದಿನೆಂಟು. ಹೊಲಿಗೆಯೂ ಗಿಡ್ಡವಿರಬಾರದು: ರವಿಕೆಗೆ ಇಂಚಿಗೆ ಹನ್ನೆರಡು ಬೀಳುವಲ್ಲಿ ಇಲ್ಲಿ ಏಳೆಂಟು ಸಾಕು. ಒತ್ತೊತ್ತಾಗಿ ಚುಚ್ಚಿದರೆ ಅಂಚೆ ಚೀಟಿಯ ತೂತಿನಂತೆ ಬಟ್ಟೆ ಅಲ್ಲೇ ಹರಿದೀತು. ಮೇಲೆ ಕಾಣುವ ಕಿತ್ತಳೆ ದಪ್ಪ ದಾರವನ್ನು ಮೇಲಿನಿಂದ ಮಾತ್ರ ಕೊಡಿ, ಬಾಬಿನ್ನಿಗೆ ಸಾದಾ ದಾರವೇ ಇರಲಿ ಎಂದರು.

ಕೈಯನ್ನು ಮರೆಸುವುದು ಸೂಜಿ ಬದಲಿಸಿದಷ್ಟು ಸುಲಭವಲ್ಲ. ಎಡಗೈ ಎಳೆಯದಿರಲಿ ಎಂದು ನಾಲ್ಕು ದಿನ ಅದನ್ನು ತೊಡೆಯ ಮೇಲಿಟ್ಟುಕೊಂಡು ಹಳೇ ಪ್ಯಾಂಟಿನ ಕಾಲುಗಳ ಮೇಲೆ ಬರೀ ನೇರ ಗೆರೆ ಹೊಲಿದೆ. ಒಂದನೇ ಇಯತ್ತೆಯ ಮಕ್ಕಳಿಗೆ ಅಡ್ಡಗೆರೆ ತಿದ್ದಿಸಿದ ಹಾಗೆ.

ಆಮೇಲೆ ಕೆಲಸ ಚೆನ್ನಾಗಿಯೇ ನಡೆಯಿತು. ಬೆನ್ನು, ಎದೆ, ಹೆಗಲು ಎಲ್ಲ ಕೂಡಿಕೊಂಡವು. ಜೀನ್ಸಿನ ಒಳಗೆ ಎಳೆ ಬಿಡದಂತೆ ಎರಡೂ ಅಂಚನ್ನು ಒಂದರೊಳಗೊಂದು ಮಡಚಿ ಎರಡು ಸಾಲು ಹೊಲಿಯುವ ಪದ್ಧತಿಯಿದೆ, ನಿಮ್ಮ ಮನೆಯ ಯಾವುದೇ ಪ್ಯಾಂಟಿನ ಕಾಲಿನ ಹೊಲಿಗೆ ತಿರುವಿ ನೋಡಿ. ಗಟ್ಟಿ ಹೊಲಿಗೆ, ಓವರ್‌ಲಾಕ್ ಬೇಡ. ನಾನು ಉತ್ಸಾಹದಲ್ಲಿ ಎಲ್ಲ ಕಡೆ ಅದನ್ನೇ ಹಾಕುತ್ತ ಹೋದೆ, ತೋಳು ಸೇರಿಸುವಲ್ಲಿಯೂ. ಕೊನೆಗೆ ಸೊಂಟದಿಂದ ಕಂಕುಳಿಗೆ ಏರಿ ಅಲ್ಲಿಂದ ಕೈಗಂಟಿನವರೆಗೆ ಹೋಗುವ ಪಕ್ಕದ ಹೊಲಿಗೆ ಬಂತು. ಕಂಕುಳ ಬುಡಕ್ಕೆ ಬಂದಾಗ ಮಶಿನ್ನು ನಿಂತೇ ಬಿಟ್ಟಿತು. ಬಟ್ಟೆ, ಅದನ್ನು ಒತ್ತಿ ಹಿಡಿಯುವ ಫೂಟಿನ ಕೆಳಗೆ ಹೋಗುವುದೇ ಇಲ್ಲ.

ಕೂತು ಲೆಕ್ಕ ಹಾಕಿದೆ. ಆ ಮಡಿಕೆ ಹೊಲಿಗೆಯಲ್ಲಿ ಬಟ್ಟೆ ನಾಲ್ಕು ಪದರ ಇರುತ್ತದೆ. ಕಂಕುಳಲ್ಲಿ ಎದೆಯ ಕಡೆಯ ನಾಲ್ಕು, ಬೆನ್ನಿನ ಕಡೆಯ ನಾಲ್ಕು ಎದುರುಬದುರಾಗಿ ಕೂಡುತ್ತವೆ. ಕೂಡಿದ್ದನ್ನು ನಾನು ಮತ್ತೆ ಅದೇ ರೀತಿ ಮಡಚಿದ್ದೇನೆ. ಎಂಟೆರಡಲೆ ಹದಿನಾರು. ಒಂದು ಪದರ ಮುಕ್ಕಾಲು ಮಿಲಿಮೀಟರಿನ ಆಸುಪಾಸು ಹಿಡಿದರೂ ಹದಿನಾರಕ್ಕೆ ಒಂದು ಸೆಂಟಿಮೀಟರ್ ಮಿಕ್ಕುತ್ತದೆ. ನನ್ನ ಮಶಿನ್ನಿನ ಫೂಟು ಪೂರಾ ಎತ್ತಿದರೂ ಸಿಗುವ ಸಂದು ಆರು ಮಿಲಿಮೀಟರ್. ಬಾಗಿಲಿಗಿಂತ ದೊಡ್ಡ ಕಪಾಟನ್ನು ಒಳಗೆ ತೂರಿಸಲು ಹೊರಟಿದ್ದೆ.

ಬೆಳಗಿನ ಎರಡು ತಾಸು ನಾನು ಮೊಂಡುತನವನ್ನೂ ಮಾಡಿದೆ. ಸುತ್ತಿಗೆ ತಂದು, ಅಡುಗೆಮನೆಯ ಕಡಪಾ ಕಲ್ಲಿನ ಮೇಲೆ ಆ ಗಂಟನ್ನಿಟ್ಟು, ಮೇಲೆ ಹಳೇ ಟವೆಲ್ ಮಡಚಿ ಹಾಕಿ ಬಡಿದೆ. ಇದು ಹುಚ್ಚಲ್ಲ, ಜೀನ್ಸ್ ಹೊಲಿಯುವವರು ಮಾಡುವುದೇ ಹೀಗೆ. ಬಡಿದರೆ ನೂಲು ಚಪ್ಪಟೆಯಾಗಿ ಗಂಟು ಇಳಿಯುತ್ತದೆ. ಪಕ್ಕದ ಮನೆಯವಳು, "ತೆಂಗಿನಕಾಯಿ ಒಡೀತ್ಯಾ?" ಎಂದು ಕೂಗಿದಳು. ಗಂಟು ಇಳಿಯಿತು, ಆದರೆ ಬಾಗಿಲಷ್ಟಕ್ಕೆ ಅಲ್ಲ. ಚಕ್ರವನ್ನು ಕೈಯಿಂದ ತಿರುಗಿಸಿ ಒಂದೊಂದೇ ಹೊಲಿಗೆ ಹಾಕಲು ನೋಡಿದೆ. ಇನ್ನೆರಡು ಸೂಜಿ ಹೋದವು.

ಮಧ್ಯಾಹ್ನ ಗಂಜಿ ಉಂಡು ಬಂದು ಎರಡೂ ತೋಳಿನ ಹೊಲಿಗೆ ಬಿಚ್ಚಿದೆ. ಬಿಚ್ಚುವುದಕ್ಕೆ ಇಡೀ ಒಂದು ದಿನ ಬೇಕಾಯಿತು. ತೋಳು ಸೇರಿಸುವಲ್ಲಿ ಈ ಸಲ ಮಡಿಕೆ ಹೊಲಿಗೆ ಬಿಟ್ಟು ಸಾದಾ ಹೊಲಿಗೆ ಹಾಕಿದೆ. ಅಂಚಿನ ಎಳೆ ಬಿಡದಿರಲೆಂದು ತೆಳು ಹತ್ತಿ ಬಟ್ಟೆಯನ್ನು ಓರೆಯಾಗಿ ಕತ್ತರಿಸಿದ ಪಟ್ಟಿಯಿಂದ ಸುತ್ತಿದೆ. ಆಯಿಯ ಒಂದು ಹಳೇ ಸೀರೆ ಅದಕ್ಕೆ ಒದಗಿತು. ಎದೆಯ ಕಡೆ ಉಳಿದ ಅಂಚನ್ನು ತೋಳಿನತ್ತ ಮಲಗಿಸಿ ಇಸ್ತ್ರಿ ಮಾಡಿದೆ, ಬೆನ್ನಿನ ಕಡೆಯದನ್ನು ಬೆನ್ನಿನತ್ತ. ಹೀಗೆ ಮಲಗಿಸಿದರೆ ಉಬ್ಬಿನ ಎದುರು ತಗ್ಗು ಬರುತ್ತದೆ, ಎರಡು ಉಬ್ಬು ಒಂದರ ಮೇಲೊಂದು ಏರುವುದಿಲ್ಲ. ಉಬ್ಬಿನಲ್ಲಿ ಮೂರು, ತಗ್ಗಿನಲ್ಲಿ ಒಂದು, ಒಟ್ಟು ನಾಲ್ಕು ಪದರ, ಮಡಚಿದರೆ ಎಂಟು. ಹದಿನಾರರ ಸರಿ ಅರ್ಧ. ಬಡಿದು ಕೊಟ್ಟಾಗ ಫೂಟಿನ ಕೆಳಗೆ ಹೋಯಿತು. ಗಂಟು ಏರುವಾಗ ಫೂಟು ಮುಗ್ಗರಿಸದಿರಲೆಂದು ಅದರ ಹಿಂದೆ ಗುಳಿಗೆ ಡಬ್ಬಿಯ ರಟ್ಟನ್ನು ಮಡಚಿ ಇಟ್ಟೆ. ಫೂಟು ಹಿಂದೆಮುಂದೆ ಸಮನಾಗಿ ನಿಂತರೆ ಹೊಲಿಗೆ ತಪ್ಪುವುದಿಲ್ಲ. ಹದಿಮೂರು ಹೊಲಿಗೆ, ಚಕ್ರ ಕೈಯಿಂದ ತಿರುಗಿಸುತ್ತ. ಆಚೆ ದಡ ಮುಟ್ಟಿತು.

ದಪ್ಪ ಬಟ್ಟೆಯ ಗುಟ್ಟು ಎಂದು ಏನಾದರೂ ಇದ್ದರೆ ಇದೇ ಎಂದು ನನಗೆ ಅನ್ನಿಸಿದೆ. ಬಲ ಹೆಚ್ಚಿಸುವುದಲ್ಲ, ಪದರ ಕಡಿಮೆ ಮಾಡುವುದು. ಕಾಲರಿನ ಒಳಮೈ, ಕಫಿನ ಒಳಮೈ, ಕಿಸೆಯ ಚೀಲ, ಮುಚ್ಚಳದ ಒಳಬದಿ, ಎಲ್ಲೆಲ್ಲಿ ಕಣ್ಣಿಗೆ ಕಾಣದೋ ಅಲ್ಲೆಲ್ಲ ಜೀನ್ಸ್ ತೆಗೆದು ತೆಳು ಹತ್ತಿ ಬಟ್ಟೆ ಹಾಕಿದೆ. ಬಕ್ರಮ್ ಹಾಕಲೇ ಇಲ್ಲ, ಈ ಬಟ್ಟೆಗೆ ಅದರದ್ದೇ ಬೆನ್ನೆಲುಬಿದೆ. ಕಾಲರಿನ ಮೂಲೆಯ ಒಳಗಿನ ಹೆಚ್ಚುವರಿ ಬಟ್ಟೆಯನ್ನು ಹೊಲಿಗೆಗೆ ಎರಡು ಎಳೆ ಬಿಟ್ಟು ಕತ್ತರಿಸಿ ತಿರುವಿದಾಗ ಮೂಲೆ ಚೂಪಾಗಿ ಬಂತು. ಬಲದ್ದು. ಎಡದ್ದು ಕೊಂಚ ಮೊಂಡು.

ಕಾಜಾದ ಮಾತು ಹೆಚ್ಚು ಹೇಳುವುದಿಲ್ಲ. ಆರು ಕಾಜಾ ಕೈಯಲ್ಲೇ ಹಾಕಲು ಹೊರಟು, ಒಂದು ಮುಗಿಸುವಷ್ಟರಲ್ಲಿ ಬೆರಳು ತೂತಾಗಿ, ಉಳಿದ ಐದನ್ನೂ ಗುಂಡಿಗಳನ್ನೂ ಪೇಟೆಯ ಕಾಜಾ-ಬಟನ್ ಅಂಗಡಿಗೆ ಒಯ್ದೆ. ಹತ್ತು ನಿಮಿಷದಲ್ಲಿ ಕೈಗಿಟ್ಟರು. ಎಲ್ಲವನ್ನೂ ಮನೆಯಲ್ಲೇ ಮಾಡಬೇಕೆಂಬ ಹಟ ಹೊಲಿಗೆಯಲ್ಲಿ ಒಳ್ಳೆಯದಲ್ಲ.

ಆಗಸ್ಟಿನಲ್ಲಿ ಹುಡುಗಿ ಬಂದಳು. ತೊಟ್ಟಳು, ಕೈ ಎತ್ತಿ ಇಳಿಸಿದಳು, ಕನ್ನಡಿಯ ಮುಂದೆ ಹಿಂದೆಮುಂದೆ ತಿರುಗಿದಳು. ಹೆಗಲು ಸರಿಯಿತ್ತು, ತೋಳು ಸರಿಯಿತ್ತು. ಒಳಗೆ ಕಂಕುಳ ಸುತ್ತ ಇಣುಕುವ ಹಳೇ ಸೀರೆಯ ಅಂಚು ನೋಡಿ ಅದೇ ಎಲ್ಲಕ್ಕಿಂತ ಚಂದ ಎಂದಳು. ಹೊರಗಿನ ನನ್ನ ಎರಡು ಸಾಲು ಕಿತ್ತಳೆ ಹೊಲಿಗೆಯ ಬಗ್ಗೆ ಒಂದು ಮಾತೂ ಇಲ್ಲ. ಎಡ ಕಾಲರಿನ ಮೊಂಡು ಮೂಲೆ ಅವಳಿಗೆ ಕಾಣಲಿಲ್ಲ. ನನಗೆ ಇಲ್ಲಿ ಕೂತೂ ಕಾಣುತ್ತಿದೆ.

ಕೊಡುವ ಹಿಂದಿನ ರಾತ್ರಿಯ ಒಂದು ಕೆಲಸ ಹೇಳಿ ಮುಗಿಸುತ್ತೇನೆ. ಈ ಜಾಕೆಟ್ಟಿಗೆ ಮುರಿದದ್ದು ಒಟ್ಟು ಏಳು ಸೂಜಿ. ಮುರಿದ ಮೊನೆಗಳನ್ನು ಅಂಗಳಕ್ಕೆ ಎಸೆಯದೆ ಗುಳಿಗೆಯ ಖಾಲಿ ಬಾಟಲಿಯಲ್ಲಿ ಹಾಕಿಡುವುದು ಆಯಿ ಕಲಿಸಿದ ರೂಢಿ. ಎಣಿಸಿದರೆ ಬಾಟಲಿಯಲ್ಲಿ ಆರೇ ಮೊನೆ ಇದ್ದವು. ನೆಲ ಗುಡಿಸಿದೆ, ಮಶಿನ್ನಿನ ತಗಡು ಬಿಚ್ಚಿ ನೋಡಿದೆ, ಇಲ್ಲ. ಶಾಲೆಯ ವಿಜ್ಞಾನದ ಪೆಟ್ಟಿಗೆಯಂಥದ್ದೇ ಒಂದು ಅಯಸ್ಕಾಂತ ಮನೆಯಲ್ಲಿತ್ತು, ಅದನ್ನು ಜಾಕೆಟ್ಟಿನ ಮೇಲೆ ಇಂಚಿಂಚು ಆಡಿಸಿದೆ. ಎಡ ಕಂಕುಳ ಮಡಿಕೆಯೊಳಗೆ ಅದು ಚಿಟ್ ಎಂದು ಅಂಟಿತು. ಏಳನೆಯ ಮೊನೆ ಅಲ್ಲಿತ್ತು, ಚರ್ಮಕ್ಕೆ ಮುಖ ಮಾಡಿ. ದಪ್ಪ ಬಟ್ಟೆ ಹೊಲಿಯುವವರು ಯಾರೇ ಇರಲಿ, ಬೇರೆಯವರ ಮೈಗೆ ತೊಡಿಸುವ ಮೊದಲು ಮುರಿದ ಸೂಜಿಗಳನ್ನು ಎಣಿಸಿ, ಒಮ್ಮೆ ಅಯಸ್ಕಾಂತ ಆಡಿಸಿ ನೋಡಿ.